ಆಪರೇಷನ್ ಪರಾಕ್ರಮ್: ಹೊರಡುವ ಆದೇಶಕ್ಕಾಗಿ ಕಾದ ತಿಂಗಳುಗಳಲ್ಲಿ ಜವಾನರ ದಿನಚರಿ ಹೇಗಿತ್ತು?

ಪ್ರಶ್ನೆ (ಇತಿಹಾಸ ವಿದ್ಯಾರ್ಥಿ, ಧಾರವಾಡ):
2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆದ ಬಳಿಕ ನಮ್ಮ ಸೇನೆ 'ಆಪರೇಷನ್ ಪರಾಕ್ರಮ್' ಹೆಸರಿನಲ್ಲಿ ಪಾಕಿಸ್ತಾನದ ಗಡಿಯುದ್ದಕ್ಕೂ ಜಮಾವಣೆಗೊಂಡು, 2002ರ ಅಕ್ಟೋಬರ್‌ವರೆಗೆ ಅಲ್ಲಿಯೇ ಇತ್ತು. ಆ ಅವಧಿಯ ರಾಜತಾಂತ್ರಿಕ ಬೆಳವಣಿಗೆಗಳ ಬಗ್ಗೆ ಬೇಕಾದಷ್ಟು ಬರಹಗಳು ಸಿಗುತ್ತವೆ. ಆದರೆ ಇಂದೋ ನಾಳೆಯೋ ಹೊರಡಬೇಕೆಂದು ಡೇರೆಯಲ್ಲಿದ್ದ ಸಾಮಾನ್ಯ ಜವಾನ ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಿದ್ದ ಎಂಬುದು ಕಾಣಸಿಗುವುದಿಲ್ಲ. ಯುದ್ಧವೇ ನಡೆಯದ ಮೇಲೆ ಅದು ಒಂದು ಬಗೆಯ ಬಿಡುವಾಗಿತ್ತೇ? ಅಲ್ಲಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ನಿವೃತ್ತ ಹವಾಲ್ದಾರ್, ಹಾಸನ ಜಿಲ್ಲೆ):
ಬಿಡುವು ಎಂಬ ಮಾತನ್ನು ಮೊದಲು ಕೈಬಿಡಿ ತಮ್ಮಾ. ನಾನು ಇಂಜಿನಿಯರ್ ಪಡೆಯಲ್ಲಿದ್ದೆ. ರಾಜಸ್ಥಾನದ ಗಡಿ ತಲುಪಿದೊಡನೆ ನಮ್ಮ ಪಾಲಿಗೆ ಬಂದದ್ದು ಮೈನ್, ಅಂದರೆ ನೆಲಬಾಂಬ್, ಹೂಳುವ ಕೆಲಸ. ಹಗ್ಗ ಎಳೆದು ಸಾಲು ಹಿಡಿದು, ಗುಂಡಿ ತೋಡಿ, ಹೂತದ್ದನ್ನೆಲ್ಲ ನಕ್ಷೆಯಲ್ಲಿ ಗುರುತಿಸಬೇಕಿತ್ತು. ಜನವರಿಯ ಚಳಿಗೆ ಬೆರಳುಗಳು ಮರಗಟ್ಟಿದ್ದರೂ ಮೈನನ್ನು ಸಿಡಿಸುವ ಫ್ಯೂಸ್ ಕೂರಿಸುವಾಗ ಕೈಗವಸು ತೆಗೆಯಲೇಬೇಕಾಗಿತ್ತು. ಗಾಳಿಗೆ ಮರಳು ಸರಿದರೆ ನಕ್ಷೆ ಒಂದು ಹೇಳುತ್ತಿತ್ತು, ನೆಲ ಇನ್ನೊಂದು ಹೇಳುತ್ತಿತ್ತು. ಯುದ್ಧ ಆರಂಭವಾಗದೆಯೇ ಆ ಜಮಾವಣೆಯಲ್ಲಿ ನೂರಾರು ಸೈನಿಕರು ತೀರಿಕೊಂಡರು. ಮೈನ್ ಅಪಘಾತಗಳಿಗೆ ಬಲಿಯಾದವರು ಅವರಲ್ಲಿ ಕಡಿಮೆಯೇನಲ್ಲ.

ಉಳಿದಂತೆ ಕ್ಯಾಂಪಿನ ಬದುಕೆಲ್ಲ 'ನೋಟೀಸ್' ಮೇಲೆ ನಡೆಯುತ್ತಿತ್ತು, ಅಂದರೆ ಆದೇಶ ಬಂದ ಎಷ್ಟು ಗಂಟೆಯೊಳಗೆ ಹೊರಡಬೇಕು ಎಂಬ ಗಡುವಿನ ಮೇಲೆ. ಅದು ಕಡಿಮೆಯಾದರೆ ಲಂಗರಿನ, ಅಂದರೆ ಸೇನೆಯ ಅಡುಗೆಮನೆಯ, ಪಾತ್ರೆಗಳೂ ಗಾಡಿ ಏರುತ್ತಿದ್ದವು. ಹೆಚ್ಚಾದರೆ ಯಾರೋ ವಾಲಿಬಾಲ್ ನೆಟ್ ಕಟ್ಟುತ್ತಿದ್ದರು. ದೆಹಲಿಯಲ್ಲಿ ಏನಾಗುತ್ತಿದೆ ಎಂಬುದು ನಮಗೆ ರೇಡಿಯೊಗಿಂತ ಮೊದಲು ಆ ನೆಟ್ಟಿನಿಂದಲೇ ತಿಳಿಯುತ್ತಿತ್ತು.

ಉತ್ತರ (ಟ್ಯಾಂಕ್ ದಳದಲ್ಲಿದ್ದವರು, ಕೊಡಗು):
ಹವಾಲ್ದಾರ್ ಸಾಹೇಬರು ಚಳಿಯ ಬಗ್ಗೆ ಬರೆದಿದ್ದಾರೆ; ನಮ್ಮನ್ನು ಹಣ್ಣು ಮಾಡಿದ್ದು ಬೇಸಿಗೆ. ಬಿಸಿಲಿಗೆ ಕಾದ ಟ್ಯಾಂಕಿನ ಮೈಯನ್ನು ಬರಿಗೈಯಲ್ಲಿ ಮುಟ್ಟುವಂತಿರಲಿಲ್ಲ, ಆದ್ದರಿಂದ ದುರಸ್ತಿ, ಎಂಜಿನ್ ಚಾಲೂ ಮಾಡಿ ನೋಡುವುದು, ಏರ್ ಫಿಲ್ಟರ್‌ನ ಮರಳು ಕೊಡವುವುದು ಎಲ್ಲವೂ ನಸುಕಿನಲ್ಲೇ ಮುಗಿಯಬೇಕಿತ್ತು. ಜನವರಿ 12ರಂದು ಪಾಕಿಸ್ತಾನದ ಅಧ್ಯಕ್ಷ ಮುಷರ್ರಫ್ ಉಗ್ರರನ್ನು ಹತ್ತಿಕ್ಕುವುದಾಗಿ ಭಾಷಣ ಮಾಡಿದ ಮೇಲೆ ಹೊರಡುವ ಮಾತು ತಣ್ಣಗಾಗಿತ್ತು. ಮೇ 14ರಂದು ಜಮ್ಮು ಬಳಿಯ ಕಾಲೂಚಕ್‌ನಲ್ಲಿ ಉಗ್ರರು ಸೈನಿಕರ ಹೆಂಡತಿ ಮಕ್ಕಳನ್ನು ಅವರ ವಸತಿಗೃಹಗಳಲ್ಲೇ ಕೊಂದಾಗ, ಅದುವರೆಗೆ ರಜೆಯ ಲೆಕ್ಕ ಹಾಕುತ್ತಿದ್ದ ಹುಡುಗರೂ ಯಾವಾಗ ಹೊರಡುತ್ತೇವೆ ಎಂದು ಸುಬೇದಾರರನ್ನು ಕೇಳತೊಡಗಿದರು. ಅವರಾದರೂ ಏನು ಹೇಳಿಯಾರು? ಮತ್ತೊಮ್ಮೆ ಮದ್ದುಗುಂಡುಗಳ ಎಣಿಕೆ ಮಾಡಿಸಿದರು. ಕೆಲಸವಿಲ್ಲದ ಜವಾನನಿಗಿಂತ ಬೇಡದ ಕೆಲಸಕ್ಕೆ ಗೊಣಗುವ ಜವಾನ ವಾಸಿ ಎಂಬುದು ಅವರ ಲೆಕ್ಕಾಚಾರ, ಅದು ಸರಿಯೂ ಆಗಿತ್ತು.

ಉತ್ತರ (ಸೈನಿಕರ ಪತ್ನಿ, ಬೆಳಗಾವಿ):
ಊರಿನಲ್ಲಿದ್ದವರ ಮಾತನ್ನೂ ಸೇರಿಸುತ್ತೇನೆ. ವಿಳಾಸದಲ್ಲಿ ಘಟಕದ ಹೆಸರು ಮತ್ತು '56 ಎಪಿಒ' (ಸೇನಾ ಅಂಚೆ ಕಚೇರಿ) ಎಂದಷ್ಟೇ ಇರುತ್ತಿದ್ದುದರಿಂದ ಯಜಮಾನರು ಎಲ್ಲಿದ್ದಾರೆಂದು ನಮಗೆ ತಿಳಿಯುತ್ತಿರಲಿಲ್ಲ. ಅವರ ಇನ್‌ಲ್ಯಾಂಡ್ ಪತ್ರಗಳಲ್ಲಿ ಕ್ಯಾಂಪಿನ ಸುದ್ದಿ ಒಂದು ಸಾಲಿಗಿಂತ ಹೆಚ್ಚು ಇರುತ್ತಿರಲಿಲ್ಲ. ಉಳಿದದ್ದೆಲ್ಲ ಬೋರ್‌ವೆಲ್ ಕಂತು, ಮಗನ ಶಾಲೆ, ಅತ್ತೆಯವರ ಮಂಡಿನೋವು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಅಕ್ಟೋಬರ್ 16ರಂದು ಸರ್ಕಾರ ಪಡೆಗಳನ್ನು ಹಿಂದಕ್ಕೆ ಕರೆಸುವುದಾಗಿ ಪ್ರಕಟಿಸಿದಾಗ ಕ್ಯಾಂಪಿನಲ್ಲಿ ಸಂತೋಷವಿತ್ತೇ, ನಿರಾಸೆಯಿತ್ತೇ ಸರ್?

ಉತ್ತರ (ನಿವೃತ್ತ ಹವಾಲ್ದಾರ್):
ಎರಡೂ ಇತ್ತು, ಆದರೆ ನಮಗೆ ಪುರುಸೊತ್ತು ಇರಲಿಲ್ಲ. ಪದಾತಿ ದಳದವರು ಡೇರೆ ಕಿತ್ತು ರೈಲು ಹತ್ತಿದರು. ಗಡಿಯ ರೈತರು ತಮ್ಮ ಹೊಲಗಳಿಗೆ ಮರಳಬೇಕಾಗಿದ್ದರಿಂದ, ಹೂತ ಮೈನುಗಳನ್ನು ಹುಡುಕಿ ತೆಗೆಯಲು ನಾವು ಅಲ್ಲಿಯೇ ಉಳಿದೆವು.