ಕ್ಯಾಸನೂರು ಕಾಡಿನ ಜ್ವರಕ್ಕೆ ಉಣುಗು ಕಾರಣವೆಂದು ವೈದ್ಯರು ಕಂಡುಕೊಂಡದ್ದು ಹೇಗೆ?

ಪ್ರಶ್ನೆ: ತುಂಗಾತೀರ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಊರುಗಳಲ್ಲಿ ಜನರು ಜ್ವರ ಹಿಡಿದು ಮಲಗಿದಾಗ ಆ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ಮೊದಲು ಅದನ್ನು ವಿಷಮಶೀತಜ್ವರವೆಂದೂ ಆಮೇಲೆ ಹಳದಿ ಜ್ವರವಿರಬಹುದೆಂದೂ ಶಂಕಿಸಿದರೆಂದು ಓದಿದ್ದೇನೆ. ಲಕ್ಷಣಗಳು ಹತ್ತಾರು ಜ್ವರಗಳನ್ನು ಹೋಲುತ್ತಿರುವಾಗ, ಕಣ್ಣಿಗೆ ಸರಿಯಾಗಿ ಬೀಳದಷ್ಟು ಚಿಕ್ಕದಾದ ಉಣುಗಿನ ಮರಿಯವರೆಗೆ ವೈದ್ಯರ ವಿಚಾರ ತಲುಪಿದ ದಾರಿ ಯಾವುದು? ಸುಳಿವು ಸಿಕ್ಕಿದ್ದು ರೋಗಿಯ ದೇಹದಲ್ಲೋ, ಪ್ರಯೋಗಾಲಯದಲ್ಲೋ, ಊರಿನವರ ಮಾತಿನಲ್ಲೋ?

ಉತ್ತರ: ಸಮುದಾಯ ವೈದ್ಯ

ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ ನಾನು ಮತ್ತೆ ಮತ್ತೆ ಎತ್ತಿಕೊಳ್ಳುವ ಪ್ರಸಂಗ ಇದು. ಹಠಾತ್ತನೆ ಏರುವ ಜ್ವರ, ಹಣೆಯ ಭಾಗದಲ್ಲಿ ತೀವ್ರ ತಲೆನೋವು, ಎದ್ದು ಕೂರಲಾಗದಷ್ಟು ಮೈಕೈ ನೋವು, ಕೆಂಪೇರಿದ ಕಣ್ಣು, ಕೆಲವರಲ್ಲಿ ಮೂಗು ಮತ್ತು ಒಸಡಿನಿಂದ ರಕ್ತಸ್ರಾವ. ಇಷ್ಟನ್ನೇ ಇಟ್ಟುಕೊಂಡು ಎಂಥ ಅನುಭವಿ ವೈದ್ಯರೂ ಒಂದು ಹೆಸರಿಗೆ ಬರಲಾರರು. ಆದರೆ ಅದೇ ದಿನಗಳಲ್ಲಿ ಕಾಡಿನಲ್ಲಿ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದವು, ಮತ್ತು ಊರಿನ ಜನ ಆ ಸಾವುಗಳನ್ನೂ ತಮ್ಮ ಜ್ವರವನ್ನೂ ಒಟ್ಟಿಗೇ ಇಟ್ಟು ನೋಡಿದ್ದರು. ಆ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕದೆ ಗಮನಕ್ಕೆ ತೆಗೆದುಕೊಂಡದ್ದೇ ಇಡೀ ಶೋಧಕ್ಕೆ ಬುನಾದಿಯಾಯಿತೆಂದು ನಾನು ನಂಬಿದ್ದೇನೆ.

ಹಳದಿ ಜ್ವರದ ಶಂಕೆ ಹುಟ್ಟಿದ್ದೂ ಮಂಗಗಳ ಸಾವಿನಿಂದಲೇ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಯತೊಡಗಿದರೆ ಆ ರೋಗ ಬಂದಿತೆಂದೇ ಎಚ್ಚರಗೊಳ್ಳುತ್ತಾರೆ. ಏಷ್ಯಾದಲ್ಲಿ ಅದು ಎಂದೂ ನೆಲೆಯೂರಿರಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ನಮ್ಮಲ್ಲಿತ್ತು. ಹಾಗಾಗಿ ರಾಕ್‌ಫೆಲರ್ ಪ್ರತಿಷ್ಠಾನವೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಸೇರಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅವರಿದ್ದ ತಂಡ ತಡಮಾಡದೆ ಇಲ್ಲಿಗೆ ಬಂದಿತು. ಶಂಕೆ ಸುಳ್ಳಾಯಿತು, ಆದರೆ ಆ ಶಂಕೆಯಿಲ್ಲದಿದ್ದರೆ ವೈರಸ್ ತಜ್ಞರು ಅಷ್ಟು ಬೇಗ ಮಲೆನಾಡಿಗೆ ಬರುತ್ತಿರಲಿಲ್ಲ.

ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ಅವರು ಒಂದೇ ವೈರಸ್ಸನ್ನು ಬೇರ್ಪಡಿಸಿದರು. ಸೀರಂ ಪರೀಕ್ಷೆಗಳಲ್ಲಿ ಅದು ಹಳದಿ ಜ್ವರದ್ದಲ್ಲವೆಂದೂ, ರಷ್ಯಾದಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಕಾಣಿಸಿಕೊಳ್ಳುವ ಮೆದುಳುಜ್ವರದ ವೈರಸ್ ಗುಂಪಿಗೆ ಸೇರಿದ್ದೆಂದೂ ತಿಳಿಯಿತು. ಆ ಮೆದುಳುಜ್ವರವನ್ನು ಹರಡುವುದು ಉಣುಗು. ಋತುವೂ ಅದಕ್ಕೆ ಹೊಂದಿಕೊಂಡಿತು, ಏಕೆಂದರೆ ಜ್ವರ ಹಬ್ಬಿದ್ದು ಸೊಳ್ಳೆ ಕಡಿಮೆಯಿದ್ದು ಉಣುಗಿನ ಮರಿಗಳು ದರಗಿನ ಮೇಲೆ ಹೇರಳವಾಗಿರುವ ಒಣಗಾಲದಲ್ಲಿ. ಕಾಡಿನಿಂದ ಉಣುಗುಗಳನ್ನು ಹಿಡಿದು ಪರೀಕ್ಷಿಸಿದಾಗ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯಲ್ಲಿ ಅದೇ ವೈರಸ್ ಸಿಕ್ಕಿತು.

ಉತ್ತರ: ಸಾಗರದ ಕೃಷಿಕ

ಮೇಲಿನ ವಿವರಣೆಗೆ ನಮ್ಮ ಕಡೆಯ ಒಂದು ಮಾತನ್ನು ಸೇರಿಸಬೇಕು. ಈ ಜ್ವರ ಬರುವುದು ಬಹುಮಟ್ಟಿಗೆ ದರಗು ಗುಡಿಸಲು, ಸೌದೆ ತರಲು, ದನ ಮೇಯಿಸಲು ಕಾಡಿಗೆ ಹೋದವರಿಗೆ. ಮನೆಯಲ್ಲಿ ಹಗಲಿರುಳು ರೋಗಿಯ ಪಕ್ಕದಲ್ಲಿ ಕುಳಿತು ಗಂಜಿ ಕುಡಿಸಿದವರಿಗೆ ಅವರಿಂದ ಅಂಟುವುದಿಲ್ಲ. ಯಾರಿಗೆ ಬರುತ್ತದೆ ಎಂಬುದರಷ್ಟೇ ಯಾರಿಗೆ ಬರುವುದಿಲ್ಲ ಎಂಬುದನ್ನೂ ಕೇಳಿದರೆ ದಾರಿ ತಾನಾಗಿ ಕಾಡಿನತ್ತ ತಿರುಗುತ್ತದೆ. ಮಂಗ ಸತ್ತ ಜಾಗದಲ್ಲಿ ಅದರ ಮೈಮೇಲಿದ್ದ ಉಣುಗುಗಳು ಉದುರಿ ಸುತ್ತಲೂ ಹರಡುವುದರಿಂದ ಅಲ್ಲಿ ಓಡಾಡುವುದು ಬಹಳ ಅಪಾಯ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕೆನ್ನುವುದು ಇದಕ್ಕೇ.

ಉತ್ತರ: ಮೂಳೆ ಮತ್ತು ಕೀಲು

ನಮ್ಮ ಸಾಗರ ತಾಲ್ಲೂಕಿನ ಹಂದಿಗೋಡಿನ ಪ್ರಕರಣವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1970ರ ದಶಕದ ಮಧ್ಯದಲ್ಲಿ ಅಲ್ಲಿ ಸೊಂಟ ಮತ್ತು ಮೊಣಕಾಲಿನ ನೋವಿನಿಂದ ಆರಂಭವಾಗಿ ನಡೆಯಲಾಗದ ಸ್ಥಿತಿಗೆ ಒಯ್ಯುವ ಕಾಯಿಲೆ ಬೆಳಕಿಗೆ ಬಂದಿತು. ಗದ್ದೆಗೆ ಹೊಡೆದ ಕೀಟನಾಶಕ ಏಡಿ ಮೀನುಗಳ ಮೂಲಕ ಬಡ ಕುಟುಂಬಗಳ ಹೊಟ್ಟೆ ಸೇರಿದ್ದೇ ಕಾರಣವೆಂಬ ಶಂಕೆ ಬಲವಾಗಿತ್ತು. ಆದರೆ ಮನೆಮನೆಗೆ ಹೋಗಿ ವಂಶಾವಳಿ ಬರೆದು, ಎಕ್ಸ್‌ರೇಗಳನ್ನು ಜೊತೆಗಿಟ್ಟು ನೋಡಿದ ಸಂಶೋಧಕರಿಗೆ ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ, ಮೂಳೆಯ ಬೆಳವಣಿಗೆಯ ದೋಷವಾಗಿ ಕಂಡಿತು. ಅಲ್ಲಿ ಹೊರಗಿನ ಕಾರಣವನ್ನು ಹುಡುಕುವವರು ಒಳಗೆ ನೋಡಬೇಕಾಯಿತು. ಕಾರಣ ತಿಳಿದರೂ ಗುಣಪಡಿಸುವ ಔಷಧ ಸಿಗದಿರುವುದು ಆ ಕುಟುಂಬಗಳನ್ನು ಬಲ್ಲ ಯಾರಿಗಾದರೂ ಸಂಕಟ ತರುವ ಸಂಗತಿ.

ಮರುಪ್ರಶ್ನೆ: ತುಂಗಾತೀರ

ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜ್ವರದ ರೋಗಿ ಬಂದರೆ, ಡೆಂಗಿಯಲ್ಲಿಯೂ ಪ್ಲೇಟ್‌ಲೆಟ್ ಇಳಿಯುತ್ತದಲ್ಲ, ವೈದ್ಯರು ಯಾವ ಆಧಾರದಿಂದ ಮಂಗನ ಕಾಯಿಲೆಯನ್ನು, ಅಂದರೆ ಈ ಕ್ಯಾಸನೂರು ಕಾಡಿನ ಜ್ವರವನ್ನು, ಶಂಕಿಸುತ್ತಾರೆ?

ಉತ್ತರ: ಸಮುದಾಯ ವೈದ್ಯ

ತಿಂಗಳು ಮತ್ತು ಸ್ಥಳ ಮೊದಲ ಆಧಾರ. ಡಿಸೆಂಬರ್‌ನಿಂದ ಮೇ ವರೆಗೆ, ಕಾಡಿಗೆ ಹೋಗಿ ಬಂದವರಲ್ಲಿ, ಬಿಳಿ ರಕ್ತಕಣವೂ ಪ್ಲೇಟ್‌ಲೆಟ್ಟೂ ಇಳಿದಿದ್ದರೆ ಈ ಶಂಕೆ ಮುಂದೆ ಬರುತ್ತದೆ. ಸ್ಕ್ರಬ್ ಟೈಫಸ್ ಎಂಬ ಇನ್ನೊಂದು ಜ್ವರವಾಗಿದ್ದರೆ ಹಲವರ ಮೈಮೇಲೆ ಕಪ್ಪು ಹೆಕ್ಕಳೆಗಟ್ಟಿದ ಗಾಯ ಕಾಣಬಹುದು. ಇಲಿಜ್ವರದಲ್ಲಿ ಗದ್ದೆಯ ಕೆಸರು ಅಥವಾ ನಿಂತ ನೀರಿನಲ್ಲಿ ಇಳಿದ ಹಿನ್ನೆಲೆ ಸಿಗುತ್ತದೆ. ಜ್ವರದ ಮೊದಲ ದಿನಗಳಲ್ಲಿ ಪಿಸಿಆರ್ ಪರೀಕ್ಷೆಯಿಂದ ವೈರಸ್ಸನ್ನೂ, ಆನಂತರ ಎಲೈಸಾದಿಂದ ಪ್ರತಿಕಾಯವನ್ನೂ ಹುಡುಕುತ್ತಾರೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ಬಳಿಕ ಕುತ್ತಿಗೆ ಸೆಟೆದು, ಗೊಂದಲ ಮತ್ತು ನಡುಕದೊಂದಿಗೆ ಎರಡನೆಯ ಸುತ್ತು ಬರುವುದರಿಂದ, ಗುಣವಾಯಿತೆಂದು ಮನೆಗೆ ಹೋದವರನ್ನೂ ಕೆಲಕಾಲ ಗಮನಿಸುತ್ತಿರಬೇಕು. ನಿಮ್ಮ ಕಡೆ ಯಾರಿಗಾದರೂ ಈ ತಿಂಗಳುಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋದದ್ದನ್ನೂ ಸತ್ತ ಮಂಗ ಕಂಡದ್ದನ್ನೂ ವೈದ್ಯರು ಕೇಳುವ ಮೊದಲೇ ಹೇಳುವಂತೆ ತಿಳಿಸಿ.