15 ಸಾವಿರಕ್ಕೆ ಹಾಸಿಗೆ: ಲ್ಯಾಟೆಕ್ಸೋ, ಫೋಮೋ? ಬಳಸಿದವರು ಹೇಳಿ

ವಿಜಯನಗರದಿಂದ ಕೇಳುತ್ತಿದ್ದೇನೆ. ಬಾಡಿಗೆ ಮನೆ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಮದುವೆಗೆ ತವರಿನವರು ಕೊಟ್ಟ ತೆಂಗಿನ ನಾರಿನ ಹಾಸಿಗೆಗೆ ಈಗ 11 ವರ್ಷ. ನಡುವೆ ಗುಳಿ ಬಿದ್ದಿದೆ. ಯಾವ ಮೂಲೆಯಲ್ಲಿ ಮಲಗಿದರೂ ಬೆಳಗ್ಗೆ ಹೊತ್ತಿಗೆ ಇಬ್ಬರೂ ಉರುಳಿ ಅಲ್ಲಿಗೇ ಬಂದಿರುತ್ತೇವೆ. ನಮ್ಮ ಯಜಮಾನರಿಗೆ ಎದ್ದ ತಕ್ಷಣ ಸೊಂಟ ಹಿಡಿದುಕೊಂಡಿರುತ್ತದೆ, ಕಾಫಿ ಕುಡಿದು ಸ್ವಲ್ಪ ಓಡಾಡಿದ ಮೇಲೆ ಸರಿಹೋಗುತ್ತದೆ. ಮಂಚ 6ಕ್ಕೆ 5 ಅಡಿ. ಬಜೆಟ್ 15 ಸಾವಿರ, ತೀರಾ ಎಳೆದರೆ 18. ಅಂಗಡಿಯವರು "ಲ್ಯಾಟೆಕ್ಸ್ ತಗೊಳ್ಳಿ ಮೇಡಂ, ಆಮೇಲೆ ಆ ಕಡೆ ತಿರುಗಿ ನೋಡಬೇಕಾಗಿಲ್ಲ" ಅನ್ನುತ್ತಾರೆ. ನನ್ನ ತಂಗಿ "ಫೋಮ್ ಸಾಕು ಕಣೇ, ಸುಮ್ನೆ ದುಡ್ಡು ದಂಡ" ಅನ್ನುತ್ತಾಳೆ. ನೀವೆಲ್ಲ ಏನು ಬಳಸುತ್ತಿದ್ದೀರಿ?

ಉತ್ತರಹಳ್ಳಿಯಿಂದ:

ಅಕ್ಕಾ, ನಾನು ಸುಳ್ಯದ ಕಡೆಯವನು. ಮನೆಯಲ್ಲಿ ರಬ್ಬರ್ ತೋಟ ಇದೆ. ಹಾಗಾಗಿ ಲ್ಯಾಟೆಕ್ಸ್ ಅಂದರೆ ನನಗೆ ಬೆಳಗಿನ ಜಾವ ಟ್ಯಾಪಿಂಗ್ ಮಾಡಿದ, ಅಂದರೆ ತೊಗಟೆ ಗೀರಿದ ಮರದಿಂದ ತೊಟ್ಟಿಕ್ಕುವ ಹಾಲು. ಆ ಹಾಲನ್ನು ನೊರೆ ಬರುವ ಹಾಗೆ ಕಡೆದು, ಗಂಧಕ ಸೇರಿಸಿ, ಅಚ್ಚಿಗೆ ಹೊಯ್ದು ಬೇಯಿಸುತ್ತಾರೆ. ದೊಡ್ಡದೊಂದು ಇಡ್ಲಿ ಅಂದುಕೊಳ್ಳಿ. ಶಾಖ ಒಳಗಿನ ತನಕ ಮುಟ್ಟಲಿ ಅಂತ ಅಚ್ಚಿನಲ್ಲಿ ಸಾಲಾಗಿ ಕಡ್ಡಿಗಳಿರುತ್ತವೆ. ಲ್ಯಾಟೆಕ್ಸ್ ತುಂಬ ಕಾಣುವ ತೂತುಗಳು ಆ ಕಡ್ಡಿಗಳದ್ದೇ. ಗಾಳಿಯಾಡುವುದು ಅದರ ಜೊತೆ ಸಿಕ್ಕ ಲಾಭ. ಇದನ್ನು ಡನ್‌ಲಪ್ ವಿಧಾನ ಅನ್ನುತ್ತಾರೆ, 1929ರಿಂದ ನಡೆದುಬಂದದ್ದು. ಫೋಮ್ ಅನ್ನುವುದು ಪಾಲಿಯುರಿಥೇನ್, ಪೆಟ್ರೋಲಿಯಂ ಕಡೆಯ ಮಾಲು. ಅದು ಕೆಟ್ಟದ್ದೇನಲ್ಲ, ಆದರೆ ಅದರಲ್ಲಿ ನೂರು ತರ.

ಅಂಗಡಿಯಲ್ಲಿ "ಒಳ್ಳೇದಾ?" ಅಂತ ಕೇಳಬೇಡಿ. "ಎಷ್ಟು ಕೆಜಿ?" ಅಂತ ಕೇಳಿ. ಡೆನ್ಸಿಟಿ 32, 40 ಅನ್ನುತ್ತಾರಲ್ಲ, ಅದು ಒಂದು ಘನ ಮೀಟರ್ ಮಾಲು ಎಷ್ಟು ಕೆಜಿ ತೂಗುತ್ತದೆ ಅನ್ನುವ ಲೆಕ್ಕ. ನಿಮ್ಮ ಅಳತೆಗೆ 6 ಇಂಚು ದಪ್ಪ ಅಂದರೆ ಸುಮಾರು 0.42 ಘನ ಮೀಟರ್. 32 ಡೆನ್ಸಿಟಿ ಫೋಮ್ ಆದರೆ 13-14 ಕೆಜಿ, 40 ಆದರೆ 17. ಲ್ಯಾಟೆಕ್ಸ್ 80ರ ಆಸುಪಾಸು ಇರುತ್ತದೆ, ಅಂದರೆ 34 ಕೆಜಿ. ಡೆನ್ಸಿಟಿ ಜಾಸ್ತಿ ಅಂದ ಮಾತ್ರಕ್ಕೆ ಗಟ್ಟಿ ಅಂತಲ್ಲ, ಗಟ್ಟಿ-ಮೆತ್ತಗೆ ಬೇರೆ ವಿಷಯ. ಡೆನ್ಸಿಟಿ ಹೇಳುವುದು ಬಾಳಿಕೆ.

ನನಗೊಬ್ಬರು 6 ಇಂಚಿನ "ಪ್ಯೂರ್ ಲ್ಯಾಟೆಕ್ಸ್" 14 ಸಾವಿರಕ್ಕೆ ಕೊಡುತ್ತೇನೆ ಅಂದರು. ಒಂದು ಮೂಲೆ ಹಿಡಿದು ಎತ್ತಿದೆ. ಒಂದೇ ಕೈಯಲ್ಲಿ ಎದ್ದು ಬಂತು! ಜಿಪ್ ತೆಗೆಸಿ ನೋಡಿದರೆ ಮೇಲೆ 1 ಇಂಚು ಲ್ಯಾಟೆಕ್ಸ್, ಕೆಳಗೆ 5 ಇಂಚು ಫೋಮ್. ಜಿಪ್ಪೇ ಇಲ್ಲದ ಕವರ್ ಇದ್ದರೆ ನಾನಂತೂ ವಾಪಸ್ ಬರುತ್ತೇನೆ. "ಲ್ಯಾಟೆಕ್ಸ್ ಫೀಲ್" ಅಂತ ಬರೆದಿದ್ದರೆ ಅದು ಫೋಮ್. ಪೆಟ್ರೋಲಿಯಂನಿಂದಲೇ ಮಾಡುವ ಸಿಂಥೆಟಿಕ್ ಲ್ಯಾಟೆಕ್ಸೂ ಇದೆ, ಎರಡನ್ನೂ ಬೆರೆಸಿದ್ದೂ ಇದೆ. ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಬಾಯಿಮಾತು ಸಾಲದು.

ಕೊನೆಗೆ ನಾನು ಮಾಡಿದ್ದು: 4 ಇಂಚಿನ 40 ಡೆನ್ಸಿಟಿ ಗಟ್ಟಿ ಫೋಮ್, ಅದರ ಮೇಲೆ 2 ಇಂಚಿನ ಲ್ಯಾಟೆಕ್ಸ್ ಟಾಪರ್. ಬೇರೆ ಬೇರೆ ಕಡೆ ತಗೊಂಡೆ, ಒಟ್ಟು 17 ಸಾವಿರದ ಚಿಲ್ಲರೆ ಆಯಿತು. ಮೈಗೆ ತಾಗುವುದು ಮೇಲಿನ 2 ಇಂಚೇ ಅಲ್ವಾ? ಐದು ವರ್ಷವಾಯಿತು. ಕೆಳಗಿನ ಫೋಮ್ ಕುಸಿದರೆ ಅದೊಂದನ್ನೇ ಬದಲಾಯಿಸಿದರೆ ಮುಗಿಯಿತು.

ಬನಶಂಕರಿಯಿಂದ:

ನಮ್ಮದು ಅಪ್ಪಟ ಲ್ಯಾಟೆಕ್ಸೇ, ಹಾಳು ಮಾಡಿಕೊಂಡವರು ನಾವೇ. ನಮ್ಮ ಅತ್ತೆಗೆ ಬೂರುಗದ ಹತ್ತಿ ಹಾಸಿಗೆಯ ಕಾಲದ ಅಭ್ಯಾಸ. ಬಿಸಿಲಿಗೆ ಹಾಕಿ, ಬಡಿದು, ತಿರುವಿ ಹಾಕಿದರೇ ಹಾಸಿಗೆ ಮಡಿ ಆಗುವುದು. ಯುಗಾದಿಗೆ ಮೊದಲು, ದೀಪಾವಳಿಗೆ ಮೊದಲು ಕವರ್ ಒಗೆಯಲು ಬಿಚ್ಚಿ, ಹಾಸಿಗೆಯನ್ನು ತಾರಸಿಗೆ ಹೊರಿಸುತ್ತಿದ್ದರು. ಒಂದೊಂದು ಸಲ ನಾಲ್ಕು ದಿನ ಅಲ್ಲೇ. ಹೊತ್ತು ಇಳಿಸುವುದು ಯಾರು, ಅದೊಂದು ಜಗಳ ಬೇರೆ. ಮೂರನೇ ವರ್ಷ ಹಾಸಿಗೆ ಹೊದಿಕೆ ಬದಲಾಯಿಸುವಾಗ ಮಂಚದ ಮೇಲೆ ಹಳದಿ ಪುಡಿ ಕಂಡಿತು. ಇರುವೆ ಕೊರೆದಿದೆ ಅಂದುಕೊಂಡೆ. ಕವರ್ ತೆಗೆದರೆ ಅಂಚೆಲ್ಲ ಕೇಸರಿಬಾತಿನ ಬಣ್ಣ, ಉಗುರು ತಾಗಿದರೆ ರವೆಯ ಹಾಗೆ ಉದುರುತ್ತಿದೆ. ರಬ್ಬರಿಗೆ ಬಿಸಿಲು ಆಗಿ ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ವಾರಂಟಿ ಕೇಳಿದರೆ "ಬಿಸಿಲಿಗೆ ಹಾಕಿದ್ದೀರಿ" ಅಂತ ಕೈ ಎತ್ತಿದರು. ತಪ್ಪು ನಮ್ಮದೇ, ಏನು ಹೇಳುವುದು. ಗಾಳಿಗೆ ಹಾಕಬೇಕಿದ್ದರೆ ನೆರಳಲ್ಲಿ, ಕಿಟಕಿ ತೆಗೆದು, ಗೋಡೆಗೆ ಒರಗಿಸಿ ಅಷ್ಟೇ.

ಇನ್ನೊಂದು, ನಿಮ್ಮದು ಕೆಳಗೆ ಸಾಮಾನು ತುಂಬುವ ಬಾಕ್ಸ್ ಮಂಚವಾ? ಅದರ ಪ್ಲೈವುಡ್ಡಿಗೆ ಗಾಳಿ ಇಲ್ಲದಿದ್ದರೆ ಮಳೆಗಾಲದಲ್ಲಿ ಹಾಸಿಗೆಯ ಅಡಿ ಬೂಷ್ಟು ಹಿಡಿಯುತ್ತದೆ. ಫೋಮಿಗೂ ಹಿಡಿಯುತ್ತದೆ. ಪ್ಲೈವುಡ್ಡಿಗೆ ಹತ್ತಿಪ್ಪತ್ತು ತೂತು ಕೊರೆಸಿ.

ಯಲಹಂಕದಿಂದ:

ಮೆಮೊರಿ ಫೋಮ್ ಕಡೆ ಹೋಗಬೇಡಿ, ನನ್ನ ಮಟ್ಟಿಗೆ ಅದು ಈ ಊರಿನದ್ದಲ್ಲ. ಮೈಬಿಸಿಗೆ ಮೆತ್ತಗಾಗುವ ಮಾಲು ಅದು. ಏಪ್ರಿಲ್‌ನಲ್ಲಿ ಬೆನ್ನು ಬೇಯುತ್ತದೆ. ಡಿಸೆಂಬರ್ ರಾತ್ರಿ ಮೊದಲ ಹತ್ತು ನಿಮಿಷ ಹಲಗೆ ಮೇಲೆ ಮಲಗಿದ ಹಾಗೆ. "ನಾಸಾದ್ದು ಸಾರ್" ಅಂತ ಮಾರಿದರು. 1966ರಲ್ಲಿ ನಾಸಾಗೆ ಅಂತ ಮಾಡಿದ್ದು ನಿಜವೇ, ಆದರೆ ವಿಮಾನದ ಸೀಟಿಗೆ. ಮಗ್ಗುಲು ಬದಲಿಸುವ ನನ್ನಂಥವನಿಗೆ ಅಲ್ಲ.

ರಾಜಾಜಿನಗರದಿಂದ:

ಸೊಂಟನೋವು ಅಂದ ಕೂಡಲೇ ಎಲ್ಲರೂ "ಗಟ್ಟಿ ಹಾಸಿಗೆ ತಗೊಳ್ಳಿ" ಅನ್ನುತ್ತಾರೆ. ನಾನೂ ಕೇಳಿಕೊಂಡು "ಆರ್ಥೋ" ಅಂತ ಬರೆದದ್ದು ತಂದೆ. ಒಳಗಿದ್ದದ್ದು ರೀಬಾಂಡೆಡ್. ಅಂದರೆ ಫೋಮಿನ ಚೂರುಪಾರು ಅಂಟು ಹಾಕಿ ಒತ್ತಿದ್ದು, ಬಣ್ಣಬಣ್ಣದ ಚಿಂದಿಯ ಹಾಗೆ ಕಾಣುತ್ತದೆ. ಮೇಲೆ ಉತ್ತರಹಳ್ಳಿಯವರು ತೂಕದ ಲೆಕ್ಕ ಹೇಳಿದ್ದಾರಲ್ಲ, ಇದೊಂದು ಆ ಲೆಕ್ಕವನ್ನು ಕೆಡಿಸುತ್ತದೆ. ರೀಬಾಂಡೆಡ್ ಕೂಡ ಭಾರವೇ. ಅದಕ್ಕೇ ಜಿಪ್ ತೆಗೆದು ನೋಡಲೇಬೇಕು. ಸೊಂಟ ಹೋಗಲಿ, ಮಗ್ಗುಲಾಗಿ ಮಲಗಿದರೆ ಭುಜವೂ ನೋಯಲು ಶುರುವಾಯಿತು.

ನಮ್ಮ ಫಿಸಿಯೋಥೆರಪಿಸ್ಟ್ ಹೇಳಿದ್ದು: ತೀರಾ ಗಟ್ಟಿ ಬೇಡ, ಮಧ್ಯಮ ಗಟ್ಟಿ ಇರಲಿ. 2003ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂದಿತ್ತು. ಹಳೇ ಸೊಂಟನೋವಿನ 313 ಜನರಿಗೆ 90 ದಿನ ಹಾಸಿಗೆ ಕೊಟ್ಟು ನೋಡಿದ್ದು. ಗಟ್ಟಿಯದಕ್ಕಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಹೆಚ್ಚು ಇಳಿಯಿತು. ಅಂಗಡಿಯಲ್ಲಿ ಕೂತು ಒತ್ತಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಚಪ್ಪಲಿ ಬಿಟ್ಟು, ನಿಮ್ಮ ಯಜಮಾನರು ದಿನಾ ಹೇಗೆ ಮಲಗುತ್ತಾರೋ ಹಾಗೇ ಹದಿನೈದು ನಿಮಿಷ ಮಲಗಲಿ. ಅಂಗಡಿಯ ಹುಡುಗರು ನಕ್ಕರೆ ನಗಲಿ.

ಬಿಟಿಎಂ ಲೇಔಟಿನಿಂದ:

ಆರು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿದ್ದೇನೆ. ಬಾಡಿಗೆ ಮನೆಯವರಿಗೆ 34 ಕೆಜಿ ಲ್ಯಾಟೆಕ್ಸ್ ಬೇಡವೇ ಬೇಡ. ಭಾರದ್ದಷ್ಟೇ ಕಷ್ಟ ಅಲ್ಲ, ಅದು ಬಳುಕುತ್ತದೆ. ಮೆಟ್ಟಿಲ ತಿರುವಿನಲ್ಲಿ ಹಿಡಿದರೆ ದೋಸೆ ಹಿಟ್ಟಿನ ಹಾಗೆ ಜಾರುತ್ತದೆ. ಕವರಿಲ್ಲದೆ ಅಂಚು ಹಿಡಿದು ಎಳೆದರೆ ಹರಿಯುತ್ತದೆ, ನಮ್ಮ ರೂಂಮೇಟ್‌ದು ಹಾಗೇ ಹರಿಯಿತು. ಒಳ್ಳೆ ಫೋಮ್ ತಗೊಂಡು ಸುಮ್ಮನಿರಿ. ಆನ್‌ಲೈನ್‌ನಲ್ಲಿ ತಗೊಂಡರೆ 100 ದಿನ ಟ್ರಯಲ್ ಅಂತ ಕೊಡುವವರಿದ್ದಾರೆ, ಆದರೆ ವಾಪಸ್ ಒಯ್ಯುವ ಖರ್ಚು ಯಾರದ್ದು ಅಂತ ಮೊದಲೇ ಓದಿಕೊಳ್ಳಿ.

ಮತ್ತೆ ಉತ್ತರಹಳ್ಳಿಯಿಂದ:

ಅಕ್ಕಾ, ಕೊಳ್ಳುವ ಮುಂಚೆ ಹಳೇ ಹಾಸಿಗೆ ಎತ್ತಿ, ಮಂಚದ ಈ ತುದಿಯಿಂದ ಆ ತುದಿಗೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ಗುಳಿ ಹಾಸಿಗೆಯದೋ, ಮಂಚದ್ದೋ?

ವಿಜಯನಗರದಿಂದ, ಮೂರು ವಾರದ ಮೇಲೆ:

ದಾರ ಹಿಡಿದೆವು. ನಡುವೆ ದಾರಕ್ಕೂ ಪ್ಲೈವುಡ್ಡಿಗೂ ಎರಡು ಬೆರಳು ಅಂತರ! ಅಡಿಯಲ್ಲಿದ್ದ ಆಧಾರದ ಪಟ್ಟಿಯ ಮೊಳೆ ಕಿತ್ತು ಒಂದು ಕಡೆ ಜೋತುಬಿದ್ದಿತ್ತು. ಎಷ್ಟು ವರ್ಷದಿಂದ ಹಾಗಿತ್ತೋ ದೇವರೇ ಬಲ್ಲ. ಬಡಗಿ ಬಂದು ಎರಡು ಹೊಸ ಪಟ್ಟಿ ಹೊಡೆದು, ಪ್ಲೈವುಡ್ ಬದಲಾಯಿಸಿ, ತೂತೂ ಕೊರೆದುಕೊಟ್ಟರು. 2,600 ರೂಪಾಯಿ. ಅದಾದ ಮೇಲೆ ಹಳೇ ಹಾಸಿಗೆಯನ್ನೇ ಹಾಕಿ ಒಂದು ವಾರ ಮಲಗಿ ನೋಡಿದೆವು. ಉರುಳುವುದು ಕಡಿಮೆಯಾಯಿತು, ಆದರೆ ನಾರು ಅಲ್ಲಲ್ಲಿ ಚುಚ್ಚುತ್ತಲೇ ಇತ್ತು.

ಈಗ 5 ಇಂಚಿನ 40 ಡೆನ್ಸಿಟಿ ಫೋಮ್ ತಗೊಂಡಿದ್ದೇವೆ, 8,400 ಆಯಿತು. ಟಾಪರ್ ದಸರಾ ಹೊತ್ತಿಗೆ ನೋಡೋಣ ಅಂತ ಉಳಿದ ದುಡ್ಡು ಹಾಗೇ ಇಟ್ಟಿದ್ದೇನೆ. ಸೊಂಟದ ವಿಷಯ ಇನ್ನೂ ಹೇಳಲು ಬರುವುದಿಲ್ಲ, ಹತ್ತು ದಿನವಷ್ಟೇ ಆಗಿದೆ. ತಂದ ದಿನ ಡೆಲಿವರಿ ಹುಡುಗನನ್ನು ಹಾಸಿಗೆ ಹೊತ್ತ ಹಾಗೇ ನಮ್ಮ ತೂಕದ ಮೆಷಿನ್ ಮೇಲೆ ನಿಲ್ಲಿಸಿ, ಆಮೇಲೆ ಅವನೊಬ್ಬನನ್ನೇ ನಿಲ್ಲಿಸಿ ಕಳೆದು ನೋಡಿದೆ. ಕವರ್ ಸೇರಿ 15 ಕೆಜಿ. "ಮೇಡಂ, ಇಷ್ಟು ವರ್ಷದಲ್ಲಿ ಹಾಸಿಗೆ ತೂಗಿದ್ದು ನೀವೊಬ್ಬರೇ" ಅಂದ, ಮಜ್ಜಿಗೆ ಕುಡಿದು ಹೋದ.