ಮರೆಯಲಾಗದ ದೂರದ ಈಡು ಯಾವುದು? ಮೂರನೇ ಗುಂಡು ಹೊಡೆದಾಗ ಬಿದ್ದದ್ದು ಲೆಕ್ಕಕ್ಕೆ ಬರುತ್ತಾ?

ದಿಬ್ಬದಮೇಲೆ:

ಹೋದ ಜೂನ್‌ನಲ್ಲಿ ನಾನು, ನನ್ನ ಗೆಳೆಯ ಇಬ್ಬರೂ ಸೌತ್ ಡಕೋಟಾದ ಒಂದು ರಾಂಚ್‌ಗೆ ಪ್ರೇರಿ ಡಾಗ್ ಹೊಡೆಯಲು ಹೋಗಿದ್ದೆವು. ಹೆಸರಲ್ಲಿ ನಾಯಿ ಇದ್ದರೂ ಅದು ಅಳಿಲಿನ ಜಾತಿ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ದನ ಮೇಯಲು ಹುಲ್ಲೇ ಉಳಿದಿಲ್ಲ ಅಂತ ರಾಂಚಿನ ಯಜಮಾನ ಬೇಸತ್ತು ಹೋಗಿದ್ದ, ಎಷ್ಟು ಹೊಡೆದರೂ ಸರಿ ಅಂದ.

ನನ್ನದು 223 ರೈಫಲ್, 55 ಗ್ರೇನ್ ತೂಕದ ಗುಂಡು, 200 ಗಜಕ್ಕೆ ಝೀರೋ ಮಾಡಿದ್ದು, ಅಂದರೆ ಅಷ್ಟು ದೂರದಲ್ಲಿ ಹಿಡಿದಲ್ಲಿಗೇ ಗುಂಡು ಬೀಳುವ ಹಾಗೆ. ಬೆಳಿಗ್ಗೆಯೆಲ್ಲ 150ರಿಂದ 250 ಗಜದೊಳಗೇ ಆಟ. ಹನ್ನೊಂದರ ಹೊತ್ತಿಗೆ ಹತ್ತಿರದವೆಲ್ಲ ಬಿಲ ಸೇರಿದವು. ಆಚೆ ತಂತಿ ಬೇಲಿ ಪಕ್ಕದ ದಿಬ್ಬದ ಮೇಲೆ ಒಂದೇ ಒಂದು, ಗೂಟ ಹೊಡೆದ ಹಾಗೆ ನಿಂತಿತ್ತು. ದೂರ ಅಳೆಯುವ ಲೇಸರ್ ರೇಂಜ್‌ಫೈಂಡರ್ ಒಮ್ಮೆ 388 ಅಂತು, ಒಮ್ಮೆ 431 ಅಂತು. ಪ್ರಾಣಿ ತೀರಾ ಸಣ್ಣದು ನೋಡಿ, ಲೇಸರ್ ಮುಂದಿನ ಹುಲ್ಲಿಗೋ ಹಿಂದಿನ ಇಳಿಜಾರಿಗೋ ಬಡಿದು ವಾಪಸ್ ಬರುತ್ತಿತ್ತು. ಕೊನೆಗೆ ಅದರ ಕಾಲಡಿಯ ಮಣ್ಣಿನ ಗುಡ್ಡೆಗೇ ಹಿಡಿದೆ. ಮೂರು ಸಲವೂ 412.

ಮೊದಲ ಗುಂಡು ಎತ್ತರದಲ್ಲಿ ಸರಿ, ಆದರೆ ಬಲಕ್ಕೆ ಹತ್ತಿರತ್ತಿರ ಒಂದು ಮೊಳ ಆಚೆ ಧೂಳೆದ್ದಿತು. ಅಷ್ಟೇ ಎಡಕ್ಕೆ ಹಿಡಿದು ಇನ್ನೊಂದು ಬಿಟ್ಟೆ, ಅದು ಎಡಕ್ಕೆ ಒಂದು ಗೇಣು ದೂರ ಹೋಗಿ ಬಿತ್ತು. ಅಷ್ಟರಲ್ಲಿ ಗಾಳಿ ಇಳಿದಿತ್ತು ಅಂತ ಕಾಣುತ್ತೆ. ಪ್ರಾಣಿ ಮಾತ್ರ ನಿಂತಲ್ಲೇ ನಿಂತಿದೆ! ಮೂರನೆಯದಕ್ಕೆ ಎರಡರ ಮಧ್ಯೆ ಹಿಡಿದು, ನನ್ನ ಮುಂದಿನ ಹುಲ್ಲು ಅಲ್ಲಾಡುವವರೆಗೆ ಕಾದು ಟ್ರಿಗರ್ ಒತ್ತಿದೆ. ಅರ್ಧ ಸೆಕೆಂಡು ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಸ್ಪಾಟಿಂಗ್ ಸ್ಕೋಪಿಗೆ (ಗುರಿ ನೋಡುವ ದೂರದರ್ಶಕ) ಕಣ್ಣಿಟ್ಟಿದ್ದ ಗೆಳೆಯ "ಬಿತ್ತು ಕಣೋ" ಅಂದ. ಉಸಿರು ತಗೊಳ್ಳುವಷ್ಟರಲ್ಲಿ "ಆದ್ರೆ ಇದು ಈಡಲ್ಲ, ಮೂರನೇದಕ್ಕೆ ಯಾರು ಬೇಕಾದ್ರೂ ಹೊಡೀತಾರೆ" ಅಂತ ಕೂಡ ಅಂದ.

ಮನೆಗೆ ಬರುವ ದಾರಿಯುದ್ದಕ್ಕೂ ಇದೇ ಜಗಳ. ನಿಮ್ಮ ಮರೆಯಲಾಗದ ದೂರದ ಈಡು ಯಾವುದು, ಮತ್ತೆ ನೀವು ಎಷ್ಟನೇ ಗುಂಡಿನವರೆಗೆ ಲೆಕ್ಕ ಇಡುತ್ತೀರಿ?

ಹಳೇನಳಿಗೆ:

ನಿಮ್ಮ ಗೆಳೆಯ ಹೇಳಿದ್ದೇ ಸರಿ. ತಣ್ಣಗಿರುವ ನಳಿಗೆಯಿಂದ ಹೋದ ಮೊದಲ ಗುಂಡು ಒಂದೇ ಲೆಕ್ಕ, ಮಿಕ್ಕಿದ್ದು ಪ್ರಾಕ್ಟೀಸು. ಬೇಜಾರು ಮಾಡ್ಕೋಬೇಡಿ, ನನ್ನ ಕಥೆ ಕೇಳಿದರೆ ಸಮಾಧಾನ ಆಗುತ್ತೆ.

ಪೆನ್ಸಿಲ್ವೇನಿಯಾದಲ್ಲಿ, ಕೊಯ್ದು ವಾರವಾಗಿದ್ದ ಒಂದು ಹುಲ್ಲಿನ ಹೊಲ. ಮರಗಳ ಅಂಚಿಗೆ ಒಂದು ದಪ್ಪ ಗ್ರೌಂಡ್‌ಹಾಗ್ (ಅದೂ ಬಿಲದಲ್ಲಿರುವ ಅಳಿಲಿನ ಜಾತಿಯೇ) ಕೂತು ಮೇಯುತ್ತಿತ್ತು. ಆಗ ನಮ್ಮ ಯಾರ ಹತ್ತಿರವೂ ಲೇಸರ್ ಇರಲಿಲ್ಲ, ಕಣ್ಣಳತೆಯೇ ಗತಿ. ನನ್ನದು 22-250, ಇದೂ 55 ಗ್ರೇನೇ, ಆದರೆ ನಿಮ್ಮ 223ಗಿಂತ ಸೆಕೆಂಡಿಗೆ ಸುಮಾರು 400 ಅಡಿ ಜಾಸ್ತಿ ಓಡುತ್ತೆ. ಝೀರೋ 250 ಗಜಕ್ಕಿತ್ತು. ಬೆನ್ನಿನ ಗೆರೆಗೆ ಹಿಡಿದು ಹೊಡೆದೆ, ಅಲ್ಲೇ ಮಗುಚಿಕೊಂಡಿತು. ಒಂದೇ ಗುಂಡು. ಎದ್ದು ಹೆಜ್ಜೆ ಎಣಿಸುತ್ತಾ ಹೋದೆ, 340 ಹೆಜ್ಜೆ. ಹಾಗಾಗಿ ಅದು 340 ಗಜದ ಈಡು. ಇಪ್ಪತ್ತು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ, ಹೇಳ್ತಾ ಹೇಳ್ತಾ ಅದು 350 ಕೂಡ ಆಗಿತ್ತು.

ಆಮೇಲೆ ರೇಂಜ್‌ಫೈಂಡರ್ ತಗೊಂಡೆ. ಅದೇ ಹೊಲಕ್ಕೆ ಹೋಗಿ, ಅದೇ ಕಲ್ಲುಗುಡ್ಡೆ ಮೇಲೆ ಕೈಯೂರಿ, ಅದೇ ಮರದ ಬುಡಕ್ಕೆ ಹಿಡಿದು ನೋಡಿದೆ. 291! ಬ್ಯಾಟರಿ ವೀಕಾಗಿರಬೇಕು ಅಂತ ಬದಲಾಯಿಸಿಯೂ ನೋಡಿದೆ. ಉಬ್ಬುತಗ್ಗಿನ ಹೊಲದಲ್ಲಿ, ಅದೂ ಗೆದ್ದ ಖುಷಿಯಲ್ಲಿ, ಯಾರ ಹೆಜ್ಜೆಯೂ ಒಂದು ಗಜ ಇರುವುದಿಲ್ಲ.

ನಾಚಿಕೆ ಆಗಿದ್ದು ಯಾಕೆ ಅಂದರೆ, ಗುಂಡು ಅವತ್ತೇ ನಿಜ ಹೇಳಿತ್ತು. ನಾನು ಹಿಡಿದದ್ದು ಬೆನ್ನಿಗೆ, ತಾಗಿದ್ದು ಎರಡು ಮೂರು ಇಂಚು ಕೆಳಗೆ ಭುಜದ ನಡುವಿಗೆ. ನಿಜವಾಗಿ 340 ಗಜ ಆಗಿದ್ದರೆ ಆರೇಳು ಇಂಚು ಇಳಿದು ಹೊಟ್ಟೆ ಕೆಳಗೆ ಮಣ್ಣಿಗೆ ಹೋಗುತ್ತಿತ್ತು. ತೂತು ನೋಡಿದವನಿಗೆ ಲೆಕ್ಕ ಮಾಡಬೇಕು ಅಂತ ಅನ್ನಿಸಲೇ ಇಲ್ಲ.

ಹುಲ್ಲುನೋಡಿ:

ಹಳೇನಳಿಗೆ ಸಾರ್, ನಿಮ್ಮ ಪ್ರಾಮಾಣಿಕತೆಗೆ ದೊಡ್ಡ ನಮಸ್ಕಾರ. ಆದರೆ ಮೊದಲ ಗುಂಡಿನ ನಿಯಮ ಪ್ರೇರಿ ಡಾಗ್‌ಗೆ ಹೊಂದುವುದಿಲ್ಲ ಅಂತ ನನ್ನ ವಾದ. ಗ್ರೌಂಡ್‌ಹಾಗ್ ಗುಂಡಿನ ಸದ್ದಾದರೆ ಬಿಲಕ್ಕೆ ಹೋಯಿತು, ಇನ್ನೊಂದು ಅವಕಾಶ ಇಲ್ಲ. ಇವು ಹಾಗಲ್ಲ, ಪಕ್ಕದಲ್ಲಿ ಧೂಳೆದ್ದರೂ ನಿಂತು ನೋಡುತ್ತಿರುತ್ತವೆ. ಧೂಳು ನೋಡಿ ತಿದ್ದಿಕೊಳ್ಳುವುದೇ ಇಲ್ಲಿಯ ವಿದ್ಯೆ.

ದಿಬ್ಬದಮೇಲೆ ಅವರೇ, ಈಗ ನಿಮ್ಮ ಗಾಳಿ ವಿಷಯ. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿಗೆ ನಿಮ್ಮ ಗುಂಡು 300 ಗಜದಲ್ಲಿ ಸುಮಾರು ಹತ್ತು ಇಂಚು ಸರಿಯುತ್ತೆ. 400ಕ್ಕೆ ಹೋದರೆ ಅದು ಹೆಚ್ಚುಕಮ್ಮಿ ಇಮ್ಮಡಿ. ನಿಂತಿರುವ ಪ್ರೇರಿ ಡಾಗ್‌ನ ಅಗಲ ಒಂದು ಅಂಗೈಯಷ್ಟು. ಅಂದರೆ ಗಾಳಿಯನ್ನು ನೀವು ಎರಡು ಮೈಲಿ ತಪ್ಪು ಓದಿದರೂ ಗುಂಡು ಪಕ್ಕದಲ್ಲಿ ಹೋಗುತ್ತೆ. ಯಾವ ದೂರಕ್ಕೆ ಗುಂಡು ಎಷ್ಟು ಇಳಿಯುತ್ತೆ ಅನ್ನುವುದು ಚೀಟಿಯಲ್ಲಿ ಬರೆದಿರುತ್ತೆ, ಸ್ಕೋಪು ತಿರುಗಿಸಿದರೆ ಮುಗೀತು. ಗಾಳಿಗೆ ಮಾತ್ರ ಚೀಟಿ ಇಲ್ಲ.

ನೀವು ನಿಮ್ಮ ಮುಂದಿನ ಹುಲ್ಲು ನೋಡಿದಿರಿ, ಅಲ್ವಾ? ಅದು ನಿಮ್ಮ ಹತ್ತಿರದ ಗಾಳಿ ಮಾತ್ರ. ದಾರಿ ಮಧ್ಯದ್ದು ಬೇರೆ ಇರಬಹುದು, ಬೇಲಿ ಹತ್ತಿರದ್ದು ಇನ್ನೂ ಬೇರೆ. ಹನ್ನೊಂದು ಗಂಟೆಯ ಬಿಸಿಲಲ್ಲಿ ಝಳ ಏಳುತ್ತಲ್ಲ, ಅದನ್ನು ಬೈಯುವ ಬದಲು ಓದಿ. ಸ್ಪಾಟಿಂಗ್ ಸ್ಕೋಪನ್ನು ಪ್ರಾಣಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿದರೆ ಝಳ ಹೊಳೆ ನೀರಿನ ಹಾಗೆ ಅಡ್ಡ ಹರಿಯುವುದು ಕಾಣುತ್ತೆ. ಅಡ್ಡ ಹರಿದರೆ ಅಡ್ಡಗಾಳಿ. ಅನ್ನ ಕುದಿಯುವ ಹಾಗೆ ನೇರ ಮೇಲಕ್ಕೆ ಏಳುತ್ತಿದ್ದರೆ ಒಂದೋ ಗಾಳಿ ಇಲ್ಲ, ಇಲ್ಲವೇ ನಿಮ್ಮ ಮುಖಕ್ಕೋ ಬೆನ್ನಿಗೋ ನೇರ ಬೀಸುತ್ತಿದೆ. ನಿಮ್ಮ ಎರಡನೇ ಗುಂಡು ಹೋಗುವಾಗ ಖಂಡಿತ ಕುದಿಯುತ್ತಿತ್ತು, ನಿಮ್ಮ ಗೆಳೆಯ ಜಗಳ ಆಡುವ ಬದಲು ಅದನ್ನು ಕೂಗಿ ಹೇಳಬೇಕಿತ್ತು.

ನನಗೆ ಮರೆಯಲಾಗದ್ದು ತಪ್ಪಿದ ಈಡು. ವಯೋಮಿಂಗ್, 243 ರೈಫಲ್, 500 ಗಜದ ಮೇಲೆ. ಐದು ಗುಂಡು ಹೋಯಿತು. ಐದನೆಯದು ಸರಿಯಾಗಿ ಅದರ ಕಾಲ ಬುಡಕ್ಕೆ ಬಿದ್ದು ಮುಖದ ತುಂಬ ಮಣ್ಣು ಎರಚಿತು. ಅದು ತಲೆ ಕೊಡವಿಕೊಂಡು, ಮುಂಗಾಲು ಎರಡೂ ಮೇಲೆತ್ತಿ, ತಲೆ ಹಿಂದಕ್ಕೆ ಎಸೆದು ಒಂದು ಸಲ ಕುಪ್ಪಳಿಸಿ ಕೂಗಿತು. ಅವು ಒಂದಕ್ಕೊಂದು ಹಾಗೆ ಕೂಗಿಕೊಳ್ಳುತ್ತವೆ ಅಂತ ಗೊತ್ತು. ಆದರೂ ನನಗೇ ಬೈದ ಹಾಗಿತ್ತು. ಆರನೆಯದು ಹಾಕಲು ಮನಸ್ಸಾಗಲಿಲ್ಲ.

ಕೈಸುಟ್ಟವನು:

ದಿಬ್ಬದಮೇಲೆ ಅವರಿಗೆ ಒಂದೇ ಪ್ರಶ್ನೆ. ಆ ಮೂರು ಗುಂಡಿಗೆ ಮುಂಚೆ ಅರ್ಧ ಗಂಟೆಯಲ್ಲಿ ಎಷ್ಟು ಹೊಡೆದಿದ್ದಿರಿ? ನಳಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಐದು ಎಣಿಸಲು ಆಗದಿದ್ದರೆ ಅದು ವಿಪರೀತ ಕಾದಿದೆ ಅಂತ ಅರ್ಥ. ನಳಿಗೆ ಕಾದರೆ ಗುಂಡುಗಳು ಒಂದೇ ಕಡೆ ಬೀಳದೆ ಚದುರುತ್ತವೆ, ಜೊತೆಗೆ ಅದರ ಬಿಸಿಯೇ ಎದ್ದು ಸ್ಕೋಪಿನ ಮುಂದೆ ಝಳ ಆಡುತ್ತೆ. ಎಲ್ಲದಕ್ಕೂ ಗಾಳಿಯನ್ನೇ ಬೈಯಬೇಡಿ. ನಾನು ಎರಡು ರೈಫಲ್ ಇಟ್ಟುಕೊಂಡು ಅದಲುಬದಲು ಮಾಡುತ್ತೇನೆ. ಒಂದು ಒಳ್ಳೆ ನಳಿಗೆಯನ್ನು ಒಂದೇ ಬೇಸಿಗೆಯಲ್ಲಿ ಸುಟ್ಟು ಹಾಳು ಮಾಡಿದ ಮೇಲೆ ಬಂದ ಬುದ್ಧಿ.

ಎರಡುಸಲನೋಡು:

ನನ್ನದು ಹೊಡೆಯದೆ ಬಿಟ್ಟ ಈಡು, ಇದು ಲೆಕ್ಕಕ್ಕೆ ಬರುತ್ತೋ ಇಲ್ಲವೋ ನೀವೇ ಹೇಳಿ.

ಸುಮಾರು 380 ಗಜ, ಮಟಮಟ ಮಧ್ಯಾಹ್ನ. ದಿಬ್ಬದ ಮೇಲೆ ಕಂದು ಬಣ್ಣದ್ದು ನೆಟ್ಟಗೆ ನಿಂತಿದೆ. ಝಳದಲ್ಲಿ ಅಂಚೆಲ್ಲ ಕಲಸಿಹೋಗಿದೆ. ದೂರ ಅಳೆದೆ, ಸ್ಕೋಪು ತಿರುಗಿಸಿದೆ, ಗಾಳಿ ಕೂಡ ಚೆನ್ನಾಗಿತ್ತು. ಬೆರಳು ಟ್ರಿಗರ್ ಮೇಲೆ ಹೋದ ಹೊತ್ತಿಗೆ ಆ ಪ್ರಾಣಿ ಸೊಂಟದಿಂದ ಕೆಳಕ್ಕೂ ಮೇಲಕ್ಕೂ ಎರಡು ಸಲ ಕುಗ್ಗಿ ಎದ್ದಿತು, ಬಸ್ಕಿ ಹೊಡೆದ ಹಾಗೆ. ಪ್ರೇರಿ ಡಾಗ್ ಹಾಗೆ ಮಾಡುವುದನ್ನು ನಾನು ನೋಡಿಲ್ಲ. ಬೆರಳು ತೆಗೆದು ಸ್ಪಾಟಿಂಗ್ ಸ್ಕೋಪಿನಲ್ಲಿ ನೋಡಿದೆ. ಉದ್ದ ಕಾಲು, ದುಂಡು ತಲೆ. ಆ ತಲೆ ಪೂರ್ತಿ ತಿರುಗಿ ಎರಡು ಹಳದಿ ಕಣ್ಣು ನನ್ನ ಕಡೆಗೇ! ಬರೋಯಿಂಗ್ ಔಲ್, ಪ್ರೇರಿ ಡಾಗ್ ಬಿಟ್ಟ ಬಿಲದಲ್ಲಿ ಸಂಸಾರ ಹೂಡುವ ಪುಟ್ಟ ಗೂಬೆ. 1918ರ ವಲಸೆ ಹಕ್ಕಿಗಳ ಕಾನೂನಿನ ರಕ್ಷಣೆ ಇರುವ ಹಕ್ಕಿ. ಕಾನೂನು ಹಾಗಿರಲಿ, ಆ ಕಣ್ಣು ನೋಡಿದ ಮೇಲೆ ಕೈ ನಡುಗಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ದಿಬ್ಬದಮೇಲೆ ಅವರೇ, ನೀವು ಖಾಸಗಿ ರಾಂಚ್‌ನಲ್ಲಿ ಕೇಳಿಕೊಂಡು ಹೊಡೆದದ್ದು ಒಳ್ಳೆಯದಾಯಿತು. ಸೌತ್ ಡಕೋಟಾದಲ್ಲೇ ಕೊನಾಟಾ ಬೇಸಿನ್ ಕಡೆ ಪ್ರೇರಿ ಡಾಗ್ ಹೊಡೆಯುವ ಹಾಗಿಲ್ಲ. ಅವನ್ನೇ ತಿಂದು ಬದುಕುವ ಬ್ಲ್ಯಾಕ್‌ಫೂಟೆಡ್ ಫೆರೆಟ್ ಅನ್ನುವ ಮುಂಗುಸಿಯಂಥ ಪ್ರಾಣಿಗಳನ್ನು ಅಲ್ಲಿ ತಂದು ಬಿಟ್ಟಿದ್ದಾರೆ. ಅಳಿದೇ ಹೋಯಿತು ಅಂದುಕೊಂಡಿದ್ದ ಫೆರೆಟ್ 1981ರಲ್ಲಿ ವಯೋಮಿಂಗಿನ ಮೀಟೀಟ್ಸಿ ಹತ್ತಿರ ಮತ್ತೆ ಸಿಕ್ಕಿತು, ಅದೂ ಒಂದು ರಾಂಚಿನ ನಾಯಿ ಬಾಯಲ್ಲಿ ಕಚ್ಚಿಕೊಂಡು ಮನೆಗೆ ತಂದಿದ್ದರಿಂದ. ಆ ನಾಯಿಗಿಂತ ದೊಡ್ಡ ಶಿಕಾರಿ ನಮ್ಮಲ್ಲಿ ಯಾರೂ ಇಲ್ಲ ಬಿಡಿ.

ಇನ್ನೊಂದು, ಬಿದ್ದದ್ದನ್ನು ನೋಡಲು ಹೋಗಿದ್ದರೆ ಕೈಯಲ್ಲಿ ಮುಟ್ಟಲಿಲ್ಲ ತಾನೇ? ಅವುಗಳ ಚಿಗಟದಿಂದ ಪ್ಲೇಗ್ ಬರುತ್ತೆ. ನಿನ್ನೆವರೆಗೆ ಗಿಜಿಗುಡುತ್ತಿದ್ದ ಪ್ರೇರಿ ಡಾಗ್‌ಗಳ ಬಿಲದ ಊರಿಗೆ ಊರೇ ಖಾಲಿ ಬಿದ್ದಿದ್ದರೆ ಆ ಕಡೆ ಹೋಗಲೇಬೇಡಿ.

ದಿಬ್ಬದಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ಗೂಬೆ ಕಥೆ ಓದಿ ಎದೆ ಧಸಕ್ ಅಂತು. ನಾನು ಹೊಡೆದದ್ದು ಪ್ರೇರಿ ಡಾಗೇ, ನಡೆದುಕೊಂಡು ಹೋಗಿ ನೋಡಿದ್ದೇನೆ. ಮುಟ್ಟಿಲ್ಲ, ಬೂಟಿನ ತುದಿಯಲ್ಲಿ ತಿರುಗಿಸಿ ನೋಡಿದೆ ಅಷ್ಟೆ. ಆದರೆ ಹೊಡೆಯುವ ಮುಂಚೆ ಸ್ಪಾಟಿಂಗ್ ಸ್ಕೋಪಿನಲ್ಲಿ ನಾನು ಸರಿಯಾಗಿ ನೋಡಿರಲಿಲ್ಲ ಅನ್ನುವುದು ನಿಜ, ಗೆಳೆಯ "ಅದೇ" ಅಂದ, ನಾನು ಹೊಡೆದೆ.

ಕೈಸುಟ್ಟವನು, ಅರ್ಧ ಗಂಟೆಯಲ್ಲಿ ನಲವತ್ತರ ಮೇಲೆ ಹೊಡೆದಿದ್ದೆ. ನಳಿಗೆ ಮುಟ್ಟಿ ನೋಡಿಲ್ಲ, ನೋಡಿದ್ದರೆ ನಿಮ್ಮ ಹೆಸರೇ ನನಗೂ ಬರುತ್ತಿತ್ತು.

ಹುಲ್ಲುನೋಡಿ ಅವರೇ, ನಿಮ್ಮ ಮಾತನ್ನು ಗೆಳೆಯನಿಗೆ ಓದಿ ಹೇಳಿದೆ. "ಕುದಿಯುತ್ತಿದ್ದದ್ದು ನನಗೆ ಕಂಡಿತ್ತು, ನೀನು ಕೇಳಲಿಲ್ಲ" ಅಂದ. ಅವನ ಅತಿ ದೂರದ್ದು 280 ಗಜ, ಮೊದಲ ಗುಂಡು. ಹೆಜ್ಜೆ ಎಣಿಸಿದ್ದು. ನಾಡಿದ್ದು ಶನಿವಾರ ಅದೇ ರಾಂಚ್‌ಗೆ ಹೋಗುತ್ತಿದ್ದೇವೆ, ರೇಂಜ್‌ಫೈಂಡರ್‌ಗೆ ಹೊಸ ಬ್ಯಾಟರಿ ಹಾಕಿ ಇಟ್ಟಿದ್ದೇನೆ. ಅವನಿಗೆ ಇನ್ನೂ ಹೇಳಿಲ್ಲ.